ನಲವತ್ತೊಂದರಲ್ಲಿ ಕೊನೆಯ ಸುತ್ತು

1974ರಲ್ಲಿ ಮೂರು ತಿಂಗಳ ಅಂತರದಲ್ಲಿ ಇಬ್ಬರು ಹುಡುಗರು ಹುಟ್ಟಿದರು. ಸೆಪ್ಟೆಂಬರ್‌ನಲ್ಲಿ ಮೊರಾಕೊದ ಬೆರ್ಕಾನ್ ಊರಲ್ಲಿ ಹಿಶಾಮ್ ಎಲ್ ಗೆರೂಜ್. ಡಿಸೆಂಬರ್‌ನಲ್ಲಿ ಕೀನ್ಯಾದ ಕಪ್ಸಬೆಟ್‌ನಲ್ಲಿ ಬರ್ನಾರ್ಡ್ ಲಗಾಟ್. ಇಬ್ಬರೂ 1500 ಮೀಟರ್ ಓಟಗಾರರಾದರು. ಎಲ್ ಗೆರೂಜ್ ಕೊನೆಯ ಸಲ ಟ್ರ್ಯಾಕ್‌ಗೆ ಇಳಿದಿದ್ದು 2004ರ ಆಥೆನ್ಸ್ ಒಲಿಂಪಿಕ್ಸ್‌ನಲ್ಲಿ, ವಯಸ್ಸು 30 ತುಂಬುವ ಮೊದಲೇ. ಅದಾಗಿ 12 ವರ್ಷಕ್ಕೆ, ತನ್ನ 41ನೇ ವಯಸ್ಸಿನಲ್ಲಿ, ಲಗಾಟ್ ರಿಯೋ ಒಲಿಂಪಿಕ್ಸ್‌ನ 5000 ಮೀಟರ್ ಫೈನಲ್ ಓಡಿ ಐದನೆಯವನಾಗಿ ಬಂದ.

ಎಲ್ ಗೆರೂಜ್ ಬಗ್ಗೆ ನನಗೆ ತುಂಬಾ ಗೌರವ ಇದೆ. 1500ರಲ್ಲಿ ಅವರು 1998ರಲ್ಲಿ ರೋಮ್‌ನಲ್ಲಿ ಮಾಡಿದ 3:26.00 (3 ನಿಮಿಷ 26 ಸೆಕೆಂಡ್) ದಾಖಲೆ ಇನ್ನೂ ಹಾಗೇ ನಿಂತಿದೆ. ಆದರೂ ನನ್ನ ಮನಸ್ಸು ಹೋಗುವುದು ಲಗಾಟ್ ಕಡೆಗೆ. ನನಗಿಂತ ಒಂದೂವರೆ ವರ್ಷ ದೊಡ್ಡವನು, ಅಂದರೆ ಹೆಚ್ಚುಕಡಿಮೆ ನನ್ನ ಓರಗೆಯವನು. ಆ ಸಲುಗೆಯಿಂದಲೇ ಅವನನ್ನು ‘ಅವನು’ ಅಂತ ಬರೆಯುತ್ತಿದ್ದೇನೆ.

ನಾನು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಕೆಲಸದವರನ್ನು ಬ್ಲಾಕುಗಳಿಗೆ ಹಂಚುವುದು, ಕೊಯ್ಲಿನಲ್ಲಿ ಹಣ್ಣಿನ ತೂಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ. ಇದರ ಜೊತೆಗೆ 800 ಮತ್ತು 1500 ಮೀಟರ್ ಓಡುತ್ತೇನೆ. ಡಿಗ್ರಿ ಓದುವಾಗ ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲಿ, ಆಗಿನ ಮಣ್ಣಿನ ಟ್ರ್ಯಾಕ್‌ನಲ್ಲಿ, ಸುಣ್ಣದ ಗೆರೆ ನೋಡಿಕೊಂಡು 1500 ಮೀಟರನ್ನು 4 ನಿಮಿಷ 11 ಸೆಕೆಂಡಿಗೆ ಓಡಿದ್ದೆ. ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟದಲ್ಲಿ ಪದಕವೂ ಬಂತು. 47ನೇ ವಯಸ್ಸಿನಲ್ಲಿ ಮಾಸ್ಟರ್ಸ್ (ಹಿರಿಯರ) ಕೂಟದಲ್ಲಿ ಓಡಿದ್ದು 4 ನಿಮಿಷ 37 ಸೆಕೆಂಡ್. ನಡುವೆ ಕಾಲು ಶತಮಾನ, ಒಂದು ಮದುವೆ, ಇಬ್ಬರು ಮಕ್ಕಳು, ಎಷ್ಟೋ ಕೊಯ್ಲು. ಕಳೆದುಕೊಂಡಿದ್ದು 26 ಸೆಕೆಂಡ್. ಈ ಲೆಕ್ಕ ನನಗೆ ಖುಷಿ ಕೊಡುತ್ತದೆ.

1500 ಮೀಟರ್ ಅಂದರೆ ಮೂರೂ ಮುಕ್ಕಾಲು ಸುತ್ತು. ವಯಸ್ಸಾದವರಿಗೆ ಇದು ಮ್ಯಾರಥಾನ್‌ಗಿಂತ ಕಷ್ಟದ ಓಟ ಅಂತ ನಾನು ನಂಬುತ್ತೇನೆ. ಮ್ಯಾರಥಾನ್‌ಗೆ ಉಸಿರು, ತಾಳ್ಮೆ ಇದ್ದರೆ ಬಹಳ ದೂರ ಹೋಗಬಹುದು. ಇಲ್ಲಿ ಹಾಗಲ್ಲ. 1500ರಲ್ಲಿ ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 80 ಭಾಗ ಆಮ್ಲಜನಕದಿಂದ ಬರುತ್ತದೆ, 800ರಲ್ಲಿ ಸುಮಾರು 65. ಉಳಿದಿದ್ದನ್ನು ಸ್ನಾಯು ಆಮ್ಲಜನಕ ಇಲ್ಲದೆಯೇ ಹುಟ್ಟಿಸಿಕೊಳ್ಳಬೇಕು. ಮೂರನೇ ಸುತ್ತಿನಲ್ಲಿ ತೊಡೆ ಉರಿಯುವುದು ಆಗಲೇ. ಉಸಿರೂ ಬೇಕು, ವೇಗವೂ ಬೇಕು. ವಯಸ್ಸು ಮೊದಲು ಕಿತ್ತುಕೊಳ್ಳುವುದು ವೇಗವನ್ನು.

ದೇಹದೊಳಗೆ ಆಗುವುದನ್ನು ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ಇದನ್ನು ‘ವಯಸ್ಸಾಯ್ತು, ಬಿಡಿ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಹೃದಯದ ಗರಿಷ್ಠ ಬಡಿತ ವಯಸ್ಸಿನ ಜೊತೆ ಇಳಿಯುತ್ತದೆ. ಇದನ್ನು ಯಾವ ತಾಲೀಮೂ ತಡೆಯುವುದಿಲ್ಲ. ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣ, ಸುಮ್ನೆ ಕೂತವರಲ್ಲಿ, 30 ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು 10ರಷ್ಟು ಕಡಿಮೆಯಾಗುತ್ತದೆ. ಜೋರಿನ ತಾಲೀಮು ಬಿಡದವರಲ್ಲಿ ಈ ಇಳಿತ ಎಷ್ಟೋ ನಿಧಾನ. ಸ್ನಾಯುವಿನಲ್ಲಿ ವೇಗಕ್ಕೆ ಬೇಕಾದ ನಾರುಗಳು ಸಣ್ಣಗಾಗುತ್ತಾ ಹೋಗುತ್ತವೆ. ಅದರಿಂದ ಹೆಜ್ಜೆ ಗಿಡ್ಡವಾಗುತ್ತದೆ. ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ, ಒಂದೊಂದು ಹೆಜ್ಜೆಗೆ ಸಿಗುವ ದೂರ ಕಡಿಮೆಯಾಗುತ್ತದೆ. ನನ್ನ ಮಗ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ನೋಡಿದರೆ ಗೊತ್ತಾಗುತ್ತದೆ, ಕಾಲು ಹಿಂದಕ್ಕೆ ಪೂರ್ತಿ ಚಾಚುವುದೇ ಇಲ್ಲ. ಜೊತೆಗೆ ಮೀನಖಂಡ ಮತ್ತು ಹಿಮ್ಮಡಿಯ ನರ (ಅಕಿಲಿಸ್ ಸ್ನಾಯುರಜ್ಜು). 40 ದಾಟಿದ ಯಾವ ಓಟಗಾರನನ್ನು ಬೇಕಾದರೂ ಕೇಳಿ, ನೋವಿನ ಕಥೆ ಅಲ್ಲಿಂದಲೇ ಶುರು.

ಈಗ ಲಗಾಟ್ ಏನು ಮಾಡಿದ ನೋಡಿ. ಮೈಲಿ ಓಟದಲ್ಲಿ ಅವನ ಅತ್ಯುತ್ತಮ ಸಮಯ 3:47.28. ರೋಮ್, 2001. ಆಗ ವಯಸ್ಸು 26. 2015ರ ಫೆಬ್ರವರಿಯಲ್ಲಿ, 40 ತುಂಬಿದ ಮೇಲೆ, ನ್ಯೂಯಾರ್ಕ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ 3:54.91. ಹದಿಮೂರೂವರೆ ವರ್ಷದಲ್ಲಿ ಕಳೆದುಕೊಂಡಿದ್ದು ಎಂಟು ಸೆಕೆಂಡೂ ಇಲ್ಲ. ನೂರಕ್ಕೆ ಮೂರೂವರೆಗಿಂತ ಕಡಿಮೆ. ಅದೂ 200 ಮೀಟರ್ ಸುತ್ತಿನ, ತಿರುವೇ ಜಾಸ್ತಿ ಇರುವ ಟ್ರ್ಯಾಕ್‌ನಲ್ಲಿ.

ಅವನ ಓಟದ ಬದುಕನ್ನು ಮೊದಲಿಂದ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕೀನ್ಯಾದಿಂದ ಅಮೆರಿಕಕ್ಕೆ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಗೆ ಓದಲು ಹೋದ. ಅಲ್ಲಿ ಸಿಕ್ಕ ಕೋಚ್ ಜೇಮ್ಸ್ ಲೀ, ಚೀನಾ ಮೂಲದವರು. ಮುಂದೆ ಎರಡು ದಶಕ ಅವರೇ ಕೋಚ್. ಒಂದೆರಡು ಸೋಲು ಬಂದ ಕೂಡಲೇ ಗುರುವನ್ನು ಬದಲಿಸುವ ಲೋಕದಲ್ಲಿ ಇದು ಸಣ್ಣ ಸಂಗತಿ ಅಲ್ಲ. 2000ದ ಸಿಡ್ನಿಯಲ್ಲಿ 1500ರ ಕಂಚು. ಮರುವರ್ಷ ಬ್ರಸೆಲ್ಸ್‌ನಲ್ಲಿ 3:26.34 ಓಡಿದ. ಆಗಿನ ಮಟ್ಟಿಗೆ ಅವನಿಗಿಂತ ವೇಗವಾಗಿ 1500 ಓಡಿದವರು ಜಗತ್ತಿನಲ್ಲಿ ಒಬ್ಬರೇ, ಎಲ್ ಗೆರೂಜ್. ಆ ರಾತ್ರಿ ಅವನ ಮುಂದೆ ಗುರಿ ಮುಟ್ಟಿದ್ದೂ ಅವರೇ.

2004ರ ಆಥೆನ್ಸ್ ಫೈನಲ್ ನಮ್ಮಲ್ಲಿ ನಡುರಾತ್ರಿ ದಾಟಿದ ಮೇಲೆ ಬಂತು. ಕೊನೆಯ ನೂರು ಮೀಟರ್‌ನಲ್ಲಿ ಲಗಾಟ್ ಎಲ್ ಗೆರೂಜ್‌ರನ್ನು ದಾಟಿದ. ಮುಗಿಯಿತು ಅಂದುಕೊಂಡೆ. ಅವರು ಮತ್ತೆ ಬಂದರು. 3:34.18 ಮತ್ತು 3:34.30. ಸೆಕೆಂಡಿನ ಎಂಟನೇ ಒಂದು ಭಾಗವೂ ಇಲ್ಲ. ಅಷ್ಟರಲ್ಲಿ ಚಿನ್ನ ಹೋಯಿತು. ಗೆದ್ದವರನ್ನು ಲಗಾಟ್ ಅಪ್ಪಿಕೊಂಡ. ಅವರು ವರ್ಷಗಟ್ಟಲೆ ಒಲಿಂಪಿಕ್ ಚಿನ್ನಕ್ಕೆ ಕಾದಿದ್ದು ಅವನಿಗೆ ಗೊತ್ತಿತ್ತು. ನಾಲ್ಕು ದಿನದ ನಂತರ ಎಲ್ ಗೆರೂಜ್ 5000 ಮೀಟರ್‌ನಲ್ಲೂ ಚಿನ್ನ ಗೆದ್ದರು. ಆಮೇಲೆ ಓಡಲೇ ಇಲ್ಲ.

ಲಗಾಟ್‌ಗೆ ಆಗ 29. ಅವನ ದೊಡ್ಡ ಗೆಲುವುಗಳು ಇನ್ನೂ ಬಂದೇ ಇರಲಿಲ್ಲ. 2007ರಲ್ಲಿ ಒಸಾಕಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಈಗ ಅಮೆರಿಕದ ಪರವಾಗಿ, 1500 ಮತ್ತು 5000 ಎರಡನ್ನೂ ಗೆದ್ದ. ಒಂದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈ ಎರಡನ್ನೂ ಗೆದ್ದ ಮೊದಲ ಗಂಡಸು ಅವನೇ. 5000ರಲ್ಲಿ ಅವನ ಹಿಂದೆ ಎರಡನೆಯವನಾಗಿ ಬಂದಿದ್ದು ಎಲಿಯುಡ್ ಕಿಪ್‌ಚೋಗೆ. ಹೌದು, ಆಮೇಲೆ ಮ್ಯಾರಥಾನ್ ದೊರೆಯಾದನಲ್ಲ, ಅದೇ ಕಿಪ್‌ಚೋಗೆ. ಲಗಾಟ್‌ಗೆ ಆಗ 32.

ಮರುವರ್ಷ ಬೀಜಿಂಗ್. ಹಿಮ್ಮಡಿಯ ನರಕ್ಕೆ ಪೆಟ್ಟಾಗಿತ್ತು. 1500ರ ಫೈನಲ್ ಕೂದಲೆಳೆಯಲ್ಲಿ ತಪ್ಪಿತು. 5000ದಲ್ಲಿ ಒಂಬತ್ತನೇ ಸ್ಥಾನ. ‘ಇನ್ನು ಇವನ ಕಥೆ ಆಯಿತು’ ಅಂತ ಹೇಳುವುದಕ್ಕೆ ಸರಿಯಾದ ಹೊತ್ತು ಅದು. ಆದರೆ 2009ರಲ್ಲಿ ಬರ್ಲಿನ್‌ನಲ್ಲಿ 1500ಕ್ಕೆ ಕಂಚು, 5000ಕ್ಕೆ ಬೆಳ್ಳಿ. 2011ರಲ್ಲಿ ಕೊರಿಯಾದ ಡೇಗುವಿನಲ್ಲಿ 5000ಕ್ಕೆ ಮತ್ತೆ ಬೆಳ್ಳಿ. 2012ರ ಲಂಡನ್‌ನಲ್ಲಿ, 37ನೇ ವಯಸ್ಸಿನಲ್ಲಿ, ನಾಲ್ಕನೇ ಸ್ಥಾನ. ಬರ್ಲಿನ್ ಆದ ಮೇಲೆ ಅವನು ನಿಧಾನಕ್ಕೆ 1500 ಬಿಟ್ಟು 5000ದ ಕಡೆ ಸರಿದ. ಆದರೆ ಕೊನೆಯ ಸುತ್ತಿನ ವೇಗವನ್ನು ಮಾತ್ರ ಬಿಟ್ಟುಕೊಡಲಿಲ್ಲ. ನನಗೆ ಇಲ್ಲಿ ಅವನ ಬುದ್ಧಿ ಕಾಣುತ್ತದೆ. ಏನು ಹೋಗುತ್ತಿದೆ, ಏನು ಉಳಿದಿದೆ ಅಂತ ತನ್ನ ಮೈಯನ್ನು ತಾನೇ ಸರಿಯಾಗಿ ಓದಿದ.

ಇಷ್ಟು ವರ್ಷ ಹೇಗೆ ಬಾಳಿದ? ಎಲ್ಲರೂ ಹಠ ಅನ್ನುತ್ತಾರೆ, ಛಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಠ ಎಲ್ ಗೆರೂಜ್‌ಗೂ ಇತ್ತು, ಊರೂರಿನ ಪ್ರತಿ ಓಟಗಾರನಿಗೂ ಇರುತ್ತದೆ. ಲಗಾಟ್‌ನಲ್ಲಿ ಇದ್ದ ವಿಶೇಷ ಎಂದರೆ ನಿಲ್ಲಿಸುವ ಗುಣ. ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಐದು ವಾರ ಓಟವನ್ನೇ ಬಿಡುತ್ತಿದ್ದ. ಪೂರ್ತಿ ಬಿಡುತ್ತಿದ್ದ. ಮಕ್ಕಳ ಜೊತೆ ಇರುತ್ತಿದ್ದ, ಬೇಕಾದ್ದು ತಿನ್ನುತ್ತಿದ್ದ, ತೂಕ ಏರಿದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಸೊನ್ನೆಯಿಂದ ಶುರು.

ಜಗತ್ತಿನ ಅತಿ ಶ್ರೇಷ್ಠ ಓಟಗಾರನೊಬ್ಬ ವರ್ಷದಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಓಡುವುದೇ ಇಲ್ಲ ಅಂದರೆ ಮೈದಾನದಲ್ಲಿ ಯಾರೂ ನಂಬುವುದಿಲ್ಲ. ತೋಟದಲ್ಲಿ ಹೇಳಿದರೆ ಕೂಡಲೇ ನಂಬುತ್ತಾರೆ. ಒಂದು ವರ್ಷ ರೆಕ್ಕೆ (ಕೊಂಬೆ) ಬಾಗುವಷ್ಟು ಹಣ್ಣು ಬಿಟ್ಟ ಅರೇಬಿಕಾ ಗಿಡ ಮುಂದಿನ ವರ್ಷ ಸೊರಗುತ್ತದೆ. ಎಲೆ ಉದುರಿ ರೆಕ್ಕೆ ಒಣಗುತ್ತದೆ. ಕೊಯ್ಲಾದ ಮೇಲೆ ಕಸಿ ಮಾಡಿ (ಬೇಡದ ರೆಕ್ಕೆ ಕತ್ತರಿಸಿ), ಗೊಬ್ಬರ ಕೊಟ್ಟು, ಸುಧಾರಿಸಿಕೊಳ್ಳಲು ಬಿಟ್ಟರೆ ಅದೇ ಗಿಡ 50 ವರ್ಷ ಬಾಳುತ್ತದೆ. ನಮ್ಮ ತೋಟದಲ್ಲಿ ಸಾಹುಕಾರರ ಅಜ್ಜನ ಕಾಲದ ಗಿಡಗಳು ಈಗಲೂ ಇವೆ.

ನನ್ನ ರಜೆಯನ್ನೂ ತೋಟವೇ ಗೊತ್ತುಮಾಡುತ್ತದೆ. ಡಿಸೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು ಜೋರು. ಬೆಳಿಗ್ಗೆಯಿಂದ ಬ್ಲಾಕ್ ಸುತ್ತುವುದು, ಸಂಜೆ ತೂಕ, ರಾತ್ರಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹತ್ತಿರ ನಿಲ್ಲುವುದು, ಮರುದಿನ ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಹರಡಿಸುವುದು. ಆ ದಿನಗಳಲ್ಲಿ ಓಡುವುದಿಲ್ಲ. ಆಗ ಯಾವ ಕೂಟ ಬಂದರೂ ಹೋಗುವುದಿಲ್ಲ. ಗೆಳೆಯರು ‘ಫಾರಂ ಹೋಗುತ್ತೆ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಹೋಗಲಿ. ಫೆಬ್ರವರಿಯಲ್ಲಿ ನಿಧಾನಕ್ಕೆ ಶುರು ಮಾಡಿದರೆ, ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ಕಾಲಿಗೆ ಜೀವ ಬಂದಿರುತ್ತದೆ. ಮೀನಖಂಡದ ನೋವು ಆ ಎರಡು ತಿಂಗಳಲ್ಲಿ ತಾನಾಗಿ ಮಾಯವಾಗಿರುತ್ತದೆ. ಯಾವ ಎಣ್ಣೆ, ಯಾವ ಮುಲಾಮೂ ಕೊಡದ ಗುಣ ಅದು.

ಉಳಿದ ತಿಂಗಳ ತಾಲೀಮು ದೊಡ್ಡದೇನಲ್ಲ. ತೋಟದ ದಾರಿಯಲ್ಲಿ ಏರು ಓಟ. ಮಂಗಳವಾರ ಸಂಜೆ ಸಮತಟ್ಟಾದ ಒಂದು ಮಣ್ಣು ರಸ್ತೆಯಲ್ಲಿ 200 ಮೀಟರ್‌ಗಳು, ನಡುವೆ ಚೆನ್ನಾಗಿ ನಡೆದು ಸುಧಾರಿಸಿಕೊಂಡು. ವೇಗದ ತಾಲೀಮನ್ನು ವಾರಕ್ಕೆ ಒಮ್ಮೆಯಾದರೂ ಮಾಡಲೇಬೇಕು. 40 ದಾಟಿದವರು ಮಾಡುವ ದೊಡ್ಡ ತಪ್ಪು ಅಂದರೆ ದಿನಾ ಒಂದೇ ನಿಧಾನದಲ್ಲಿ ಓಡುವುದು. ಹಾಗೆ ಓಡಿದರೆ ಉಸಿರು ಉಳಿಯುತ್ತದೆ, ಹೆಜ್ಜೆ ಸಾಯುತ್ತದೆ. ಇನ್ನು ಬೆಳಗಿನ ಜಾವ ತೋಟದ ರಸ್ತೆಯಲ್ಲಿ ಓಡುವ ಹಾಗಿಲ್ಲ. ಆನೆ ಇರುತ್ತವೆ. ಬೆಳಕು ಹರಿದು, ಯಾವ ಕಡೆ ಇವೆ ಅಂತ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದ ಮೇಲೇ ಹೊರಡುವುದು. ಒಮ್ಮೆ ಏದುಸಿರು ಬಿಡುತ್ತಾ ಕೆಲಸದವರ ಲೈನ್ ಮನೆಗಳ ಹತ್ತಿರ ಬಂದಾಗ ಹಿರಿಯ ಹೆಂಗಸೊಬ್ಬರು ಹೊರಗೆ ಓಡಿ ಬಂದು, ‘ರೈಟ್ರೇ, ಆನೆ ಅಟ್ಟಿಸ್ಕೊಂಡು ಬಂತಾ?’ ಅಂತ ಗಾಬರಿಯಿಂದ ಕೇಳಿದ್ದರು. ಸುಮ್ನೆ ಓಡ್ತಿದೀನಿ ಅಮ್ಮ ಅಂದರೆ ಅವರಿಗೆ ನಂಬಿಕೆ ಬರಲಿಲ್ಲ. ಒಳಗೆ ಕರೆದು ಬೆಲ್ಲದ ಕಾಫಿ ಕೊಟ್ಟೇ ಕಳಿಸಿದರು.

ಜೂನ್‌ನಿಂದ ಮಳೆ. ಹುಲ್ಲಿನ ದಾರಿಯಲ್ಲಿ ಓಡಿದರೆ ಇಂಬಳ ಹತ್ತುತ್ತವೆ, ಸಾಕ್ಸ್ ಬಿಚ್ಚಿದಾಗ ರಕ್ತ. ಅದಕ್ಕೆ ಆಗ ಟಾರು ರಸ್ತೆಯೇ ಗತಿ.

ರಿಯೋದ ಓಟ ನಡೆದಿದ್ದೂ ಅಂಥ ಮಳೆಗಾಲದಲ್ಲೇ. ಅದಕ್ಕೆ ಮುಂಚಿನ ಜುಲೈನಲ್ಲಿ ಅಮೆರಿಕದ ಆಯ್ಕೆ ಓಟಗಳು ಒರೆಗಾನ್‌ನ ಯೂಜೀನ್‌ನಲ್ಲಿ ಆದವು. ಲಗಾಟ್ ಮೊದಲು 10,000 ಮೀಟರ್‌ಗೆ ಇಳಿದ. ಬಿಸಿಲು ತಡೆಯಲಾಗದೆ ಅರ್ಧಕ್ಕೆ ಬಿಟ್ಟ. 41 ವರ್ಷದವನು ಓಟ ಅರ್ಧಕ್ಕೆ ಬಿಟ್ಟು ಹೊರಗೆ ನಡೆದರೆ ನೋಡಿದವರು ಏನಂದುಕೊಂಡಿರಬೇಡ! ಅದೇ ಕೂಟದಲ್ಲಿ, ಕೆಲವು ದಿನದ ನಂತರ, 5000ದ ಫೈನಲ್. ಓಟ ನಿಧಾನಕ್ಕೆ ಸಾಗಿತು, ಎಲ್ಲರೂ ಒಟ್ಟಿಗೇ ಇದ್ದರು. ಕೊನೆಯ ಸುತ್ತಿನಲ್ಲಿ ಲಗಾಟ್ ಹಿಂದಿನಿಂದ ಬಂದ. ಒಬ್ಬೊಬ್ಬರನ್ನೇ ದಾಟಿದ. ಆ ಕೊನೆಯ 400 ಮೀಟರ್ 53 ಸೆಕೆಂಡಿನ ಒಳಗೆ. ಗೆದ್ದ. ಅಲ್ಲಿ ಮೂರನೆಯವನಾಗಿ ಬಂದ ಪಾಲ್ ಚೆಲಿಮೊ ಅನ್ನುವ 25ರ ಹುಡುಗ ಮರು ತಿಂಗಳು ರಿಯೋದಲ್ಲಿ ಬೆಳ್ಳಿ ಗೆದ್ದ. ಲಗಾಟ್ ಸೋಲಿಸಿದ್ದು ಎಂಥವರನ್ನು ಅಂತ ಇದರಿಂದ ಗೊತ್ತಾಗುತ್ತದೆ.

ಈ ಕೊನೆಯ ಸುತ್ತಿನ ವಿಡಿಯೊ ಎಷ್ಟು ಸಲ ನೋಡಿದ್ದೇನೋ. ಅವನ ಭುಜ ನೋಡಿ. ಎಲ್ಲರ ಭುಜವೂ ಕಿವಿಯ ಕಡೆ ಏರುತ್ತಿರುತ್ತದೆ, ಕತ್ತಿನ ನರ ಉಬ್ಬಿರುತ್ತದೆ. ಅವನದು ಕೆಳಗೇ ಇರುತ್ತದೆ. ಕೈ ಹತ್ತಿರ, ಮುಖ ಸಡಿಲ. ಅವನು ಇಡೀ ಓಟದಲ್ಲಿ ಒಂದೇ ಒಂದು ಹೆಜ್ಜೆಯನ್ನೂ ದಂಡ ಮಾಡಿಲ್ಲ. ಮೊದಲ ಹನ್ನೊಂದೂವರೆ ಸುತ್ತಿನಲ್ಲಿ ಉಳಿಸಿದ್ದನ್ನು ಕೊನೆಯದರಲ್ಲಿ ಖರ್ಚು ಮಾಡಿದ. ವಯಸ್ಸಾದ ಓಟಗಾರ ಹುಡುಗರನ್ನು ಗೆಲ್ಲಲು ಇದೊಂದೇ ದಾರಿ ಅಂತ ನನಗನ್ನಿಸುತ್ತದೆ.

ರಿಯೋ ಫೈನಲ್ ನಮ್ಮಲ್ಲಿ ಭಾನುವಾರ ಬೆಳಿಗ್ಗೆ. ಆಗಸ್ಟ್ 21. ಹೊರಗೆ ಒಂದೇ ಸಮನೆ ಮಳೆ, ಡಿಶ್ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ನಮ್ಮನೆಯವಳು ಕಾಫಿ ತಂದಿಟ್ಟು, ‘ಯಾರು, ನಿಮ್ಮ ಅದೇ ಅಣ್ಣಾನಾ?’ ಅಂದಳು. ಅದೇ ಅಣ್ಣನೇ. ಬ್ರಿಟನ್ನಿನ ಮೊ ಫರಾ ಗೆದ್ದರು. ಲಗಾಟ್ 13:06.78. ಓಟ ಮುಗಿದ ಮೇಲೆ ಟ್ರ್ಯಾಕಿನ ಒಳಗೆರೆ ತುಳಿದರು ಅಂತ ಕೆಲವರನ್ನು ಅನರ್ಹ ಮಾಡಿದಾಗ ಸ್ವಲ್ಪ ಹೊತ್ತು ಅವನ ಹೆಸರು ಮೂರನೇ ಸ್ಥಾನಕ್ಕೆ ಬಂದಿತ್ತು. ಮೇಲ್ಮನವಿಗಳು ಮುಗಿದ ಮೇಲೆ ಐದನೆಯದು ಗಟ್ಟಿಯಾಯಿತು. ಪದಕ ಇಲ್ಲ. ಆದರೆ 13:06.78 ಎಂಥ ಸಮಯ ಅಂತ ನಮ್ಮವರಿಗೆ ತಿಳಿಯಬೇಕಾದರೆ ಹೀಗೆ ಹೇಳಬೇಕು: ಆಗ ಭಾರತದ 5000 ಮೀಟರ್ ರಾಷ್ಟ್ರೀಯ ದಾಖಲೆ 13:29.70, ಬಹಾದುರ್ ಪ್ರಸಾದ್ 1992ರಲ್ಲಿ ಬರೆದದ್ದು. 41 ವರ್ಷದ ಇಬ್ಬರು ಮಕ್ಕಳ ತಂದೆ ಅದಕ್ಕಿಂತ ಸುಮಾರು 23 ಸೆಕೆಂಡ್ ಮುಂದೆ ಓಡಿದ್ದ.

ಲಗಾಟ್ ಒಬ್ಬನೇ ಅಲ್ಲ, ಅವನಿಗೆ ಮೊದಲೂ ದಾರಿ ತೋರಿದವರಿದ್ದಾರೆ. ಐರ್ಲೆಂಡಿನ ಈಮನ್ ಕಾಗ್ಲನ್ 1976ರ ಮಾಂಟ್ರಿಯಲ್‌ನಲ್ಲಿ 1500ಕ್ಕೆ ನಾಲ್ಕನೆಯವರು, 1980ರ ಮಾಸ್ಕೋದಲ್ಲಿ 5000ಕ್ಕೆ ಮತ್ತೆ ನಾಲ್ಕನೆಯವರು. 1983ರಲ್ಲಿ ಹೆಲ್ಸಿಂಕಿಯಲ್ಲಿ 5000ದ ವಿಶ್ವ ಚಾಂಪಿಯನ್. ಕೊನೆಯ ತಿರುವಿನಲ್ಲಿ ಮುಂದಿದ್ದವನ ಪಕ್ಕಕ್ಕೆ ಬಂದು, ದಾಟುವ ಮೊದಲೇ ಎರಡೂ ಮುಷ್ಟಿ ಬಿಗಿದು ನಕ್ಕರು ಆ ಮನುಷ್ಯ. ಆಮೇಲೆ 1994ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ ಮೈಲಿಯನ್ನು 3:58.15ಕ್ಕೆ ಓಡಿದರು. 40 ದಾಟಿದ ಮೇಲೆ ನಾಲ್ಕು ನಿಮಿಷದ ಒಳಗೆ ಮೈಲಿ ಓಡಿದ ಜಗತ್ತಿನ ಮೊದಲಿಗರು. ವಯಸ್ಸು 41.

ಹೆಂಗಸರಲ್ಲಿ ರಷ್ಯಾದ ಎಕಟೆರೀನಾ ಪೊಡ್ಕೊಪಯೇವಾ. ಇವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಅದು ನನಗೆ ಬೇಸರದ ವಿಷಯ. 1983ರ ಅದೇ ಹೆಲ್ಸಿಂಕಿಯಲ್ಲಿ 800 ಮತ್ತು 1500 ಎರಡರಲ್ಲೂ ಕಂಚು. 1994ರಲ್ಲಿ, 42ನೇ ವಯಸ್ಸಿನಲ್ಲಿ, 1500 ಮೀಟರ್ 3:59.78. ಅದೇ ಬೇಸಿಗೆಯಲ್ಲಿ 800 ಮೀಟರ್ ಎರಡು ನಿಮಿಷದ ಒಳಗೆ. 1997ರಲ್ಲಿ ಪ್ಯಾರಿಸ್‌ನಲ್ಲಿ 1500ರ ವಿಶ್ವ ಒಳಾಂಗಣ ಚಾಂಪಿಯನ್. ಆಗ ಅವರಿಗೆ 44. ಅದು ಹಿರಿಯರ ಕೂಟ ಅಲ್ಲ, ಎಲ್ಲರಿಗೂ ತೆರೆದ ವಿಶ್ವ ಚಾಂಪಿಯನ್‌ಷಿಪ್. ಇನ್ನು ಇಂಗ್ಲೆಂಡಿನ ಜೋ ಪೇವಿ. 1500 ಓಡುತ್ತಾ ಬೆಳೆದವರು, ಆಮೇಲೆ ಉದ್ದದ ಓಟಕ್ಕೆ ಹೋದರು. ಎರಡನೇ ಮಗುವಾದ ವರ್ಷದೊಳಗೆ, 2014ರಲ್ಲಿ, 40ನೇ ವಯಸ್ಸಿನಲ್ಲಿ ಯುರೋಪಿನ 10,000 ಮೀಟರ್ ಚಾಂಪಿಯನ್. ರಿಯೋ ಅವರ ಐದನೇ ಒಲಿಂಪಿಕ್ಸ್. ನನ್ನ ತಂಗಿ ಹೈಸ್ಕೂಲಿನಲ್ಲಿ ನನಗಿಂತ ಚೆನ್ನಾಗಿ ಓಡುತ್ತಿದ್ದಳು. ಮದುವೆಯಾದ ಮೇಲೆ ಶೂ ಹಾಕಿದ್ದನ್ನು ನಾನು ನೋಡಿಲ್ಲ. ಪೇವಿಯ ಬಗ್ಗೆ ಓದುವಾಗೆಲ್ಲ ಅವಳ ನೆನಪು ಬರುತ್ತದೆ.

ನಮ್ಮ ದೇಶದಲ್ಲಿ ವಯಸ್ಸಾದ ಓಟಗಾರರು ಅಂದರೆ ಸುದ್ದಿಯಾಗುವುದು ನೂರರ ಆಸುಪಾಸಿನವರು. ನೂರರ ವಯಸ್ಸಿನಲ್ಲಿ, 2011ರಲ್ಲಿ, ಟೊರಾಂಟೊದಲ್ಲಿ ಮ್ಯಾರಥಾನ್ ಮುಗಿಸಿದ ಫೌಜಾ ಸಿಂಗ್. 2017ರಲ್ಲಿ ಆಕ್ಲೆಂಡ್‌ನ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 101ನೇ ವಯಸ್ಸಿಗೆ 100 ಮೀಟರ್ ಓಡಿದ ಮನ್ ಕೌರ್ ಅಜ್ಜಿ. ಇಬ್ಬರಿಗೂ ನನ್ನ ನಮಸ್ಕಾರ. ಇಬ್ಬರೂ ಈಗ ಇಲ್ಲ. ಆದರೆ 20ರ ಹುಡುಗರಿಗೂ ನೂರರ ಅಜ್ಜಿಗೂ ನಡುವೆ ಒಂದು ದೊಡ್ಡ ಬಯಲು ಖಾಲಿ ಬಿದ್ದಿದೆ. ಸಾಲ, ಸಂಸಾರ, ಶುಗರ್, ಬಿ.ಪಿ. ಎಲ್ಲಾ ಮೈಮೇಲೆ ಬರುವುದು ಆ ನಡುವಿನಲ್ಲೇ. ಓಟ ಬೇಕಾಗಿರುವುದೂ ಆಗಲೇ, ಅಲ್ವಾ?

ಭಾನುವಾರ ನಾನು ಬೈಕಿನಲ್ಲಿ ಚಿಕ್ಕಮಗಳೂರಿಗೆ ಬಂದು ಮೈದಾನದಲ್ಲಿ ಓಡುತ್ತೇನೆ. ಅಲ್ಲಿ ಯಾವಾಗಲೂ ಪೊಲೀಸ್ ಮತ್ತು ಸೇನೆ ಸೇರಲು ತಯಾರಿ ಮಾಡುವ ಹುಡುಗರ ಗುಂಪು. ಇಬ್ಬರಿಗೂ 1600 ಮೀಟರ್ ಓಟದ ಪರೀಕ್ಷೆ, ಅಂದರೆ ನಾಲ್ಕು ಸುತ್ತು. ನನ್ನ ಓಟದ ಅಣ್ಣತಮ್ಮ. ಕಡೂರು, ತರೀಕೆರೆ, ಮೂಡಿಗೆರೆ ಕಡೆಯ ರೈತರ ಮಕ್ಕಳು. ಒಳ್ಳೆ ಕಾಲುಗಳು. ಆದರೆ ಮೊದಲ ಸುತ್ತನ್ನೇ ಜೀವ ಬಿಟ್ಟು ಓಡಿ ಮೂರನೆಯದರಲ್ಲಿ ನಿಂತುಬಿಡುತ್ತಾರೆ. ನಾನು ಮುಂದೆ ನಿಂತು ಒಂದೊಂದು ಸುತ್ತನ್ನೂ ಸಮನಾಗಿ ಎಳೆಯುತ್ತೇನೆ. ಒಬ್ಬ ಹುಡುಗ ಓಟ ಮುಗಿಸಿ ಮಂಡಿ ಮೇಲೆ ಕೈಯಿಟ್ಟು ಬಗ್ಗಿ ನಿಂತು ಕೇಳಿದ, ‘ಸಾರ್, ನಿಮಗೆಷ್ಟು ವಯಸ್ಸು?’ ಹೇಳಿದೆ. ‘ನಮ್ಮಪ್ಪನಿಗಿಂತ ದೊಡ್ಡೋರು ಸಾರ್ ನೀವು’ ಅಂದ. ಅಪ್ಪ ಓಡ್ತಾರಾ ಅಂತ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ. ‘ಅವರಿಗೆ ಮಂಡಿ ನೋವು ಸಾರ್.’

ಈ ಹುಡುಗರಲ್ಲಿ ಕೆಲಸ ಸಿಕ್ಕವರು ಆಮೇಲೆ ಮೈದಾನಕ್ಕೆ ಬರುವುದಿಲ್ಲ. ಅವರ ತಪ್ಪಲ್ಲ. ಓಟ ಅಂದರೆ ಒಂದು ಪರೀಕ್ಷೆ, ಪಾಸಾದ ಮೇಲೆ ಮುಗಿಯಿತು ಅಂತಲೇ ನಾವು ಕಲಿಸಿದ್ದೇವೆ. ಶಾಲೆಯಲ್ಲಿ ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಅಲ್ಲಿಗೆ ಮುಗಿಯಿತು. 35ರಿಂದ ಐದೈದು ವರ್ಷಕ್ಕೆ ಒಂದೊಂದು ಗುಂಪು ಮಾಡಿ ಮಾಸ್ಟರ್ಸ್ ಕೂಟಗಳು ನಡೆಯುತ್ತವೆ, 1975ರಲ್ಲೇ ಟೊರಾಂಟೊದಲ್ಲಿ ಮೊದಲ ವಿಶ್ವಕೂಟ ಆಗಿದೆ, ಇದನ್ನು ಯಾರೂ ಅವರಿಗೆ ಹೇಳಿಲ್ಲ. ನಾನು ಹೇಳುತ್ತಿರುತ್ತೇನೆ. ಮೊಬೈಲ್‌ನಲ್ಲಿ ಯೂಜೀನ್‌ನ ಆ ಕೊನೆಯ ಸುತ್ತು ತೋರಿಸುತ್ತೇನೆ. ಯಾರು 41ರವನು ಗುರುತಿಸಿ ಅನ್ನುತ್ತೇನೆ. ಇವತ್ತಿನವರೆಗೆ ಒಬ್ಬನೂ ಸರಿಯಾಗಿ ಹೇಳಿಲ್ಲ.

ಐದೈದು ವರ್ಷದ ಗುಂಪು ಅನ್ನುವುದು ಬಹಳ ಒಳ್ಳೆಯ ಏರ್ಪಾಡು. ಬರುವ ವರ್ಷ ನನಗೆ 50. 45ರ ಗುಂಪಿನಲ್ಲಿ ಈಗ ನಾನು ಎಲ್ಲರಿಗಿಂತ ದೊಡ್ಡವನು, 45ರ ಹೊಸಬರು ಬಂದು ಚೆನ್ನಾಗಿ ಚಚ್ಚುತ್ತಾರೆ. 50ರ ಗುಂಪಿಗೆ ಕಾಲಿಟ್ಟ ದಿನ ಅಲ್ಲಿ ನಾನೇ ಚಿಕ್ಕವನು. 1500 ಮೀಟರ್‌ಗೆ 4 ನಿಮಿಷ 40 ಸೆಕೆಂಡಿನ ಒಳಗೆ ಅಂತ ಗುರಿ ಇಟ್ಟುಕೊಂಡಿದ್ದೇನೆ. ಕೊಯ್ಲು ಮುಗಿಯಲಿ, ಹೂಮಳೆ ಬೀಳಲಿ, ಆಮೇಲೆ 300 ಮೀಟರ್‌ಗಳು ಶುರು.

ಚಿಕ್ಕಮಗಳೂರು ಸುತ್ತಮುತ್ತ ಇರುವ, 40 ದಾಟಿದ, ಒಂದು ಕಾಲದಲ್ಲಿ ಓಡುತ್ತಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ ಫೆಬ್ರವರಿಯಿಂದ ಭಾನುವಾರ ಬೆಳಿಗ್ಗೆ ಆರೂವರೆಗೆ ಜಿಲ್ಲಾ ಆಟದ ಮೈದಾನಕ್ಕೆ ಬನ್ನಿ. ಹೆಂಗಸರೂ ಬನ್ನಿ, ನನ್ನ ತಂಗಿಯನ್ನೂ ಒಪ್ಪಿಸುತ್ತಿದ್ದೇನೆ. ಬಿ.ಪಿ., ಶುಗರ್ ಇದ್ದವರು ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ. ಮೊದಲ ತಿಂಗಳು ಒಂದು ಸುತ್ತು ನಡಿಗೆ, ಒಂದು ಸುತ್ತು ಓಟ, ಅಷ್ಟೇ. ಸ್ಪೈಕ್ಸ್ ಬೇಡ, ಮನೆಯಲ್ಲಿರುವ ಶೂ ಸಾಕು. ಸ್ಟಾಪ್‌ವಾಚ್ ನಾನು ತರುತ್ತೇನೆ.